ಕಾಡಿನ ತೇಗ, ಕಡಲಿನ ಬಲ

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟಲ್‌ಪೂಲ್ ಎಂಬ ಊರಿನ ಹಳೆಯ ಧಕ್ಕೆಯಲ್ಲಿ ಒಂದು ಯುದ್ಧನೌಕೆ ನಿಂತಿದೆ. ಅದರ ಹೆಸರು ‘ಟ್ರಿಂಕೋಮಲಿ’. ಬ್ರಿಟನ್ನಿನಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿರುವ ಯುದ್ಧನೌಕೆಗಳಲ್ಲಿ ಇದೇ ಅತ್ಯಂತ ಹಳೆಯದು. ಟಿಕೆಟ್ ಕೊಂಡು ಒಳಹೋಗುವ ಪ್ರವಾಸಿಗರು ಅದರ ಅಟ್ಟದ ಮೇಲೆ ನಡೆದಾಡುತ್ತಾರೆ, ಫಿರಂಗಿಗಳನ್ನು ಮುಟ್ಟಿ ನೋಡುತ್ತಾರೆ.

ಆದರೆ ಈ ಹಡಗು ಹುಟ್ಟಿದ್ದು ಬ್ರಿಟನ್ನಿನಲ್ಲಲ್ಲ. 1817ರ ಅಕ್ಟೋಬರ್ 12ರಂದು ಅದು ನೀರಿಗಿಳಿದದ್ದು ಮುಂಬಯಿಯಲ್ಲಿ. ಕಟ್ಟಿದವರು ಪಾರ್ಸಿ ಕುಲದ ಹಡಗು ಮೇಸ್ತ್ರಿ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ. ಕೆಲಸ ಆರಂಭಿಸುವಾಗ ಹಡಗಿನ ಬೆನ್ನೆಲುಬಿನಂತಿರುವ ಅಡಿತೊಲೆಗೆ ಪಾರ್ಸಿ ಸಂಪ್ರದಾಯದಂತೆ ಬೆಳ್ಳಿಯ ಮೊಳೆಯೊಂದನ್ನು ಹೊಡೆಯಲಾಗಿತ್ತು. ಮರ ಮಾತ್ರ ಅಪ್ಪಟ ತೇಗ. ನಮ್ಮ ಪಶ್ಚಿಮ ತೀರದ ಕಾಡುಗಳಿಂದ ಬಂದದ್ದು.

ಏಳು ಸಮುದ್ರಗಳನ್ನು ಆಳುತ್ತೇವೆಂದು ಬೀಗುತ್ತಿದ್ದ ದೇಶಕ್ಕೆ ತನ್ನ ಯುದ್ಧನೌಕೆಯನ್ನು ಸಾವಿರಾರು ಮೈಲಿ ದೂರದ ಮುಂಬಯಿಯಲ್ಲಿ ಕಟ್ಟಿಸಿಕೊಳ್ಳುವ ಅಗತ್ಯವೇನಿತ್ತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನೌಕಾಬಲ ಎಂಬ ಮಾತಿನ ನಿಜವಾದ ಅರ್ಥ ಹೊಳೆಯುತ್ತದೆ. ಸಾಮಾನ್ಯವಾಗಿ ನೌಕಾಬಲ ಎಂದರೆ ಹಡಗುಗಳ ಲೆಕ್ಕ, ಫಿರಂಗಿಗಳ ಲೆಕ್ಕ, ಗೆದ್ದ ಯುದ್ಧಗಳ ಪಟ್ಟಿ. ಅವೆಲ್ಲ ಕಣ್ಣಿಗೆ ಕಾಣುವಂಥವು. ಅವುಗಳ ಹಿಂದೆ ಕಾಣದ ಇನ್ನೊಂದು ಲೋಕವಿದೆ: ಮರ ಕೊಡುವ ಕಾಡು, ಹಗ್ಗ ಹೊಸೆಯುವ ನಾರು, ಕಬ್ಬಿಣ ಕರಗಿಸುವ ಕುಲುಮೆ, ಇವನ್ನೆಲ್ಲ ಹೊತ್ತು ತರುವ ವ್ಯಾಪಾರದ ಹಡಗು, ಹಡಗು ಕಟ್ಟುವ ಕೈ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಫಿರಂಗಿಗಳು ಬಂದರಿನಲ್ಲೇ ಉಳಿಯುತ್ತವೆ.

ಆರು ಸಾವಿರ ಮರಗಳ ಹಡಗು

1805ರ ಟ್ರಫಾಲ್ಗರ್ ಕದನದಲ್ಲಿ ಅಡ್ಮಿರಲ್ ನೆಲ್ಸನ್ ಇದ್ದ ‘ವಿಕ್ಟರಿ’ ಹಡಗನ್ನೇ ತೆಗೆದುಕೊಳ್ಳೋಣ. ಅದನ್ನು ಕಟ್ಟಲು ಸುಮಾರು 6,000 ಮರಗಳು ಬೇಕಾದವು. ಅವುಗಳಲ್ಲಿ ಬಹುಪಾಲು ಓಕ್. ದೊಡ್ಡ ಯುದ್ಧನೌಕೆಗೆ ತಕ್ಕ ಓಕ್ ಮರ ಬೆಳೆಯಲು ನೂರು ವರ್ಷದಷ್ಟು ಕಾಲ ಬೇಕು. ಅಜ್ಜ ನೆಟ್ಟದ್ದನ್ನು ಮೊಮ್ಮಗ ಕಡಿಯಬೇಕು. ಆದರೆ ಯುದ್ಧಗಳು ಅಷ್ಟು ಕಾಲ ಕಾಯುವುದಿಲ್ಲ. ಒಂದರ ಹಿಂದೊಂದು ಬಂದ ಯುದ್ಧಗಳಿಂದಾಗಿ ಇಂಗ್ಲೆಂಡಿನ ಓಕ್ ಕಾಡುಗಳು ಬರಿದಾಗುತ್ತ ಬಂದವು.

ಓಕ್ ಹೇಗೋ ಸ್ವಲ್ಪ ಸಿಕ್ಕೀತು. ಹಾಯಿ ಕಟ್ಟುವ ಎತ್ತರದ ಕಂಬಗಳಿಗೆ ಬೇಕಾದ ನೆಟ್ಟನೆಯ ಪೈನ್, ಫರ್ ಮರಗಳು ಇಂಗ್ಲೆಂಡಿನಲ್ಲಿ ಇರಲೇ ಇಲ್ಲ. ಅವು ಬಾಲ್ಟಿಕ್ ಸಮುದ್ರದಾಚೆಯಿಂದ, ರೀಗಾ ಮೊದಲಾದ ಬಂದರುಗಳಿಂದ ಬರಬೇಕಿತ್ತು. ‘ವಿಕ್ಟರಿ’ಗೆ ಬೇಕಾದ ಹಗ್ಗದ ಒಟ್ಟು ಉದ್ದ 40 ಕಿಲೋಮೀಟರಿಗೂ ಹೆಚ್ಚು. ಆ ಹಗ್ಗಕ್ಕೆ ಬೇಕಾದ ಸೆಣಬಿನ ಜಾತಿಯ ನಾರು ಹೆಚ್ಚಾಗಿ ರಷ್ಯದ್ದು. ಹಲಗೆಗಳ ಸಂದಿನಲ್ಲಿ ನೀರು ನುಸುಳದಂತೆ ಬಳಿಯುವ ಡಾಂಬರು ಸ್ವೀಡನ್ನಿನಿಂದ. ಫಿರಂಗಿ ಮದ್ದಿಗೆ ಬೇಕಾದ ಪೆಟ್ಲುಪ್ಪು ನಮ್ಮ ಬಿಹಾರದಿಂದ. 1757ರ ಪ್ಲಾಸಿ ಕದನದ ಮರುವರ್ಷವೇ ಈಸ್ಟ್ ಇಂಡಿಯಾ ಕಂಪೆನಿ ಆ ಪೆಟ್ಲುಪ್ಪಿನ ಏಕಸ್ವಾಮ್ಯವನ್ನು ತನ್ನದಾಗಿಸಿಕೊಂಡಿತ್ತು. ‘ಬ್ರಿಟಿಷ್’ ನೌಕೆ ಎಂದು ಕರೆಯುತ್ತಿದ್ದ ಹಡಗಿನಲ್ಲಿ ಹೀಗೆ ಅರ್ಧ ಪ್ರಪಂಚವೇ ಅಡಗಿತ್ತು.

ಪರಾವಲಂಬನೆಯ ಅಪಾಯ ಬ್ರಿಟಿಷರಿಗೆ ಚೆನ್ನಾಗಿ ಗೊತ್ತಿತ್ತು. ಅಮೆರಿಕದ ತಮ್ಮ ವಸಾಹತುಗಳ ಕಾಡಿನಲ್ಲಿ ಒಳ್ಳೆಯ ಪೈನ್ ಮರ ಕಂಡರೆ ಅದಕ್ಕೆ ಬಾಣದ ಗುರುತು ಕೊರೆದು ‘ಇದು ದೊರೆಯ ಮರ’ ಎಂದು ಸಾರುತ್ತಿದ್ದರು. ಅಲ್ಲಿನ ರೈತರು ಅದನ್ನು ಮುಟ್ಟುವಂತಿರಲಿಲ್ಲ. ಆ ರೈತರ ಅಸಮಾಧಾನಗಳಲ್ಲಿ ಇದೂ ಒಂದಾಯಿತು. 1775ರಲ್ಲಿ ಸ್ವಾತಂತ್ರ್ಯ ಸಮರ ಆರಂಭವಾದದ್ದೇ ತಡ, ಅಮೆರಿಕದ ಮರ ನಿಂತುಹೋಯಿತು.

ಉಳಿದದ್ದು ಬಾಲ್ಟಿಕ್. ಅಲ್ಲಿಗೆ ಹೋಗಿಬರುವ ಹಡಗುಗಳು ಡೆನ್ಮಾರ್ಕಿನ ಪಕ್ಕದ ಇಕ್ಕಟ್ಟಾದ ಜಲಸಂಧಿಯನ್ನು ದಾಟಬೇಕು. ಬ್ರಿಟನ್ 1801ರಲ್ಲಿ ಕೋಪನ್‌ಹೇಗನ್ ಮೇಲೆ ಏಕೆ ದಾಳಿ ಮಾಡಿತು, 1807ರಲ್ಲಿ ಅದೇ ನಗರಕ್ಕೆ ಮತ್ತೆ ಬೆಂಕಿಯ ಮಳೆಗರೆದು ಡೆನ್ಮಾರ್ಕಿನ ಹಡಗುಗಳನ್ನೆಲ್ಲ ಏಕೆ ಎಳೆದೊಯ್ದಿತು ಎಂಬುದಕ್ಕೆ ರಾಜಕೀಯ ಕಾರಣಗಳು ಹಲವು. ಆದರೆ ಆ ಕಾರಣಗಳ ತಳದಲ್ಲಿ ಮರ, ನಾರು, ಡಾಂಬರಿನ ಚಿಂತೆಯೂ ಇತ್ತು. ಬಾಲ್ಟಿಕ್ ಬಾಗಿಲು ಮುಚ್ಚಿದರೆ ನೌಕಾಪಡೆಗೆ ಹಾಯಿಕಂಬವೇ ಇಲ್ಲ. ನೆಪೋಲಿಯನ್ 1806ರಿಂದ ಯೂರೋಪಿನ ಬಂದರುಗಳನ್ನು ಬ್ರಿಟನ್ನಿಗೆ ಮುಚ್ಚಿಸತೊಡಗಿದಾಗ ಈ ಚಿಂತೆ ಇನ್ನಷ್ಟು ಬಲವಾಯಿತು. ಆಗ ಬ್ರಿಟಿಷರ ಕಣ್ಣು ಎರಡು ದಿಕ್ಕಿಗೆ ಹೊರಳಿತು: ಒಂದು ಕೆನಡ, ಇನ್ನೊಂದು ಭಾರತದ ತೇಗ.

ಮುಂಬಯಿಯ ಮೇಸ್ತ್ರಿಗಳು

ಓಕ್‌ಗೆ ಇಲ್ಲದ ಎರಡು ಗುಣ ತೇಗಕ್ಕಿವೆ. ಅದರಲ್ಲಿ ಎಣ್ಣೆಯ ಅಂಶವಿರುವುದರಿಂದ ನೀರು, ಹುಳು ಎರಡಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಓಕ್‌ನಲ್ಲಿರುವ ಆಮ್ಲ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ. ತೇಗ ಹಾಗೆ ಮಾಡುವುದಿಲ್ಲ. ಹೀಗಾಗಿ ಓಕ್ ಹಡಗು ಮುದಿಯಾಗುವ ವಯಸ್ಸಿನಲ್ಲೂ ತೇಗದ ಹಡಗು ಗಟ್ಟಿಯಾಗಿರುತ್ತಿತ್ತು.

ಆದರೆ ಮರವಿದ್ದ ಮಾತ್ರಕ್ಕೆ ಹಡಗಾಗುವುದಿಲ್ಲ. ಕೈ ಬೇಕು. ಲವ್‌ಜಿ ನಸ್ಸರ್‌ವಾನ್‌ಜಿ ವಾಡಿಯಾ 1736ರಲ್ಲಿ ಸೂರತ್‌ನಿಂದ ಬಡಗಿಗಳೊಂದಿಗೆ ಮುಂಬಯಿಗೆ ಬಂದರು. 1750ರಲ್ಲಿ ಅಲ್ಲಿ ಡ್ರೈ ಡಾಕ್ ಸಿದ್ಧವಾಯಿತು. ನೀರನ್ನು ಹೊರಹಾಕಿ ಹಡಗಿನ ಅಡಿಭಾಗವನ್ನು ರಿಪೇರಿ ಮಾಡುವ ಈ ಸೌಕರ್ಯ ಇದ್ದಲ್ಲಿ ಮಾತ್ರ ನೌಕಾಪಡೆ ನೆಲೆಯೂರಬಲ್ಲದು. ಮುಂದೆ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಎಂಬಂತೆ ವಾಡಿಯಾ ಮನೆತನದ ಕೈಯಲ್ಲಿ ಆ ವಿದ್ಯೆ ಶತಮಾನಕ್ಕೂ ಹೆಚ್ಚು ಕಾಲ ಉಳಿಯಿತು. 1810ರಲ್ಲಿ ‘ಮಿಂಡೆನ್’, 1813ರಲ್ಲಿ ‘ಕಾರ್ನ್‌ವಾಲಿಸ್’, 1817ರಲ್ಲಿ ‘ಟ್ರಿಂಕೋಮಲಿ’ ಹೀಗೆ ನೀರಿಗಿಳಿದವು. 1842ರಲ್ಲಿ ಅಫೀಮು ಯುದ್ಧದಲ್ಲಿ ಸೋತ ಚೀನಾ ಹಾಂಗ್‌ಕಾಂಗನ್ನು ಬಿಟ್ಟುಕೊಟ್ಟು ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಹಾಕಿದ್ದು ಇದೇ ‘ಕಾರ್ನ್‌ವಾಲಿಸ್’ ಹಡಗಿನ ಮೇಲೆ. ಭಾರತದ ತೇಗ, ಭಾರತದ ಬಡಗಿ. ಗೆಲುವು ಮಾತ್ರ ಇನ್ನೊಬ್ಬರದು.

ಪೂರೈಕೆಯ ಸರಪಳಿ ಎಷ್ಟು ಉದ್ದವಾಗಿತ್ತು, ಎಷ್ಟು ಸೂಕ್ಷ್ಮವಾಗಿತ್ತು ಎನ್ನುವುದಕ್ಕೆ ‘ಟ್ರಿಂಕೋಮಲಿ’ಯ ಕಥೆಯೇ ಸಾಕ್ಷಿ. ಅದರ ನಕ್ಷೆಗಳನ್ನು 1812ರಲ್ಲಿ ‘ಜಾವಾ’ ಎಂಬ ಹಡಗಿನಲ್ಲಿ ಕಳುಹಿಸಲಾಯಿತು. ಬ್ರೆಜಿಲ್ ಸಮೀಪ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಎದುರಾಗಿ ‘ಜಾವಾ’ ನಾಶವಾಯಿತು. ಮುಂಬಯಿಯ ಬಡಗಿಗಳಿಗೆ ಇನ್ನೊಂದು ಪ್ರತಿ ಬರುವವರೆಗೆ ಕಾಯದೆ ಗತಿಯಿರಲಿಲ್ಲ. ಅಟ್ಲಾಂಟಿಕ್‌ನಲ್ಲಿ ನಡೆದ ಕಾಳಗಕ್ಕೆ ಅರಬ್ಬೀ ಸಮುದ್ರದ ಹಡಗುಕಟ್ಟೆ ಬೆಲೆ ತೆತ್ತಿತ್ತು.

ಕನ್ನಡ ತೀರದ ಕಾಡು

ತೇಗದ ಈ ಕಥೆಯಲ್ಲಿ ಕನ್ನಡ ಕರಾವಳಿಯ ಪಾಲೂ ಇದೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಮಂಗಳೂರು, ಹೊನ್ನಾವರದಂಥ ಬಂದರುಗಳೂ ಅವುಗಳ ಬೆನ್ನಿಗಿದ್ದ ಘಟ್ಟದ ಕಾಡೂ ಒಟ್ಟಿಗೇ ದಕ್ಕಿದವು. ಆತ ಹಡಗುಗಳನ್ನು ಕಟ್ಟಿಸಿದ. ಆದರೆ 1780ರ ಡಿಸೆಂಬರ್‌ನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್‌ನ ಬ್ರಿಟಿಷ್ ಪಡೆ ಮಂಗಳೂರಿಗೆ ನುಗ್ಗಿ ಅವುಗಳನ್ನು ಹಾಳುಗೆಡವಿತು. 1796ರಲ್ಲಿ ಟಿಪ್ಪು ಸುಲ್ತಾನ್ ಸುಮಾರು 40 ಯುದ್ಧನೌಕೆಗಳ ದೊಡ್ಡ ಯೋಜನೆಯನ್ನೇ ಹಾಕಿದ. ಅದಕ್ಕೆಂದು ಪ್ರತ್ಯೇಕ ಆಡಳಿತ ಮಂಡಲಿಯನ್ನೂ ನೇಮಿಸಿದ. ಮೂರೇ ವರ್ಷಕ್ಕೆ ಶ್ರೀರಂಗಪಟ್ಟಣ ಬಿತ್ತು.

ಹೈದರ್ ಮತ್ತು ಟಿಪ್ಪು ಅವರಿಗೆ ಮರದ ಕೊರತೆಯಿರಲಿಲ್ಲ. ಇಲ್ಲದಿದ್ದದ್ದು ಕಾಲ, ಜೊತೆಗೆ ವರ್ಷಗಟ್ಟಲೆ ದೂರದ ಕಡಲಿನಲ್ಲಿ ಪಳಗಿದ ನಾವಿಕರನ್ನೂ ಅಧಿಕಾರಿಗಳನ್ನೂ ತಯಾರಿಸಿಕೊಡುವ ದೊಡ್ಡ ವ್ಯಾಪಾರಿ ನೌಕಾದಳ. ಬ್ರಿಟನ್ನಿನಲ್ಲಿ ವ್ಯಾಪಾರದ ಹಡಗೇ ಯುದ್ಧದ ಹಡಗಿಗೆ ಪಾಠಶಾಲೆಯಾಗಿತ್ತು. ಅಮೆರಿಕದ ನೌಕಾ ಅಧಿಕಾರಿ ಆಲ್ಫ್ರೆಡ್ ಮಹಾನ್ 1890ರಲ್ಲಿ ಪ್ರಕಟಿಸಿದ ಹೆಸರಾಂತ ಗ್ರಂಥದಲ್ಲಿ ನೌಕಾಬಲದ ಬೇರು ಉತ್ಪಾದನೆ, ಹಡಗು ಸಾಗಣೆ, ವಸಾಹತುಗಳಲ್ಲಿದೆ ಎಂದು ವಾದಿಸಿದ್ದು ಇದೇ ಅನುಭವದ ಮೇಲೆ.

1799ರ ನಂತರ ಕನ್ನಡ ಜಿಲ್ಲೆ ಕಂಪೆನಿಯ ವಶವಾಯಿತು. ಕಂಪೆನಿಯ ಪರವಾಗಿ 1801ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಕಾರವಾರದ ಕಡೆಯ ಒಂದು ವಿಶೇಷವನ್ನು ದಾಖಲಿಸಿದ್ದಾನೆ. ಅಲ್ಲಿನ ಜನರ ಪ್ರಕಾರ ಕಾಡು ಊರ ದೇವರ ಸ್ವತ್ತು. ದೇವರ ಪೂಜೆ ನಡೆಸುವ ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲ. ಸರ್ಕಾರಕ್ಕೆ ಸೇರಬೇಕಾದ ಆಸ್ತಿ ಕೈತಪ್ಪಲೆಂದು ಹೂಡಿದ ಉಪಾಯವಿದು ಎಂಬುದು ಬುಕನನ್‌ನ ಅಭಿಪ್ರಾಯ. ಒಂದೇ ಮರ, ಊರಿನವರ ಕಣ್ಣಿಗೆ ದೇವರದು, ಕಂಪೆನಿಯ ಕಣ್ಣಿಗೆ ಹಡಗಿನ ಹಲಗೆ.

ಗೆದ್ದದ್ದು ಎರಡನೆಯ ನೋಟ. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಮಲಬಾರ್ ಕಡೆಯ ಕಾಡುಗಳ ಮೊದಲ ಸಂರಕ್ಷಣಾಧಿಕಾರಿಯಾಗಿ ನೇಮಿಸಲಾಯಿತು. ಹುದ್ದೆಯ ಹೆಸರಿನಲ್ಲಿ ಸಂರಕ್ಷಣೆ ಇದ್ದರೂ ಕೆಲಸ ನೌಕಾಪಡೆಗೆ ತೇಗ ಒದಗಿಸುವುದು. ತೇಗ ಸರ್ಕಾರದ ಏಕಸ್ವಾಮ್ಯವಾಯಿತು. ಮರದ ವ್ಯಾಪಾರಿಗಳೂ ರೈತರೂ ತಮ್ಮದೇ ಕಾಡಿನಲ್ಲಿ ಪರಕೀಯರಾದರು. ದೂರುಗಳು ಹೆಚ್ಚುತ್ತ ಹೋಗಿ, 1823ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಆ ವ್ಯವಸ್ಥೆಯನ್ನೇ ರದ್ದುಪಡಿಸಬೇಕಾಯಿತು. ಕನ್ನಡ ಜಿಲ್ಲೆಯ ಮೊದಲ ಕಲೆಕ್ಟರ್ ಆಗಿದ್ದವನೂ ಈ ಮನ್ರೋನೇ. ಆದರೆ ಕಾಡು ಮತ್ತೆ ಜನರ ಕೈಗೆ ಪೂರ್ತಿಯಾಗಿ ಬರಲಿಲ್ಲ. ಇತ್ತ ಬೆಳೆದ ಮರ ಕರಗುತ್ತ ಬಂದಾಗ, 1840ರ ದಶಕದಲ್ಲಿ ಮಲಬಾರಿನ ನಿಲಂಬೂರಿನಲ್ಲಿ ಕಲೆಕ್ಟರ್ ಕೊನೊಲಿ ತೇಗದ ನೆಡುತೋಪು ಆರಂಭಿಸಿದ.

ಮರದಿಂದ ಕಬ್ಬಿಣಕ್ಕೆ

ಮುಂಬಯಿಯ ಹಡಗುಗಳ ಕೀರ್ತಿ ಲಂಡನ್ನಿನ ಹಡಗು ಕಟ್ಟುವವರಿಗೆ ಹಿಡಿಸಲಿಲ್ಲ. ಭಾರತದಲ್ಲಿ ಕಟ್ಟಿದ ಹಡಗುಗಳು ಥೇಮ್ಸ್ ನದಿಗೆ ಸರಕು ಹೊತ್ತು ಬಂದಾಗ ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ಅವರು ಕೂಗೆಬ್ಬಿಸಿದರು. ಲಸ್ಕರ್ ಎಂದು ಕರೆಯಲಾಗುತ್ತಿದ್ದ ಭಾರತೀಯ ನಾವಿಕರನ್ನು ಕಾನೂನಿನ ಲೆಕ್ಕದಲ್ಲಿ ಬ್ರಿಟಿಷ್ ನಾವಿಕರೆಂದು ಪರಿಗಣಿಸಲಿಲ್ಲ. ಬ್ರಿಟಿಷ್ ಹಡಗಿನಲ್ಲಿ ಬ್ರಿಟಿಷ್ ನಾವಿಕರೇ ಬಹುಪಾಲು ಇರಬೇಕೆಂಬ ನಿಯಮದಿಂದಾಗಿ ಭಾರತದ ಹಡಗಿಗೆ ಇದು ದೊಡ್ಡ ಅಡ್ಡಿಯಾಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಕಬ್ಬಿಣ ಮತ್ತು ಉಗಿ. 1860ರಲ್ಲಿ ಬ್ರಿಟನ್ ಕಬ್ಬಿಣದ ಒಡಲಿನ ‘ವಾರಿಯರ್’ ಯುದ್ಧನೌಕೆಯನ್ನು ನೀರಿಗಿಳಿಸಿತು. ಹಡಗಿನ ಬಲ ಈಗ ಕಾಡಿನಿಂದ ಗಣಿಗೆ, ಬಡಗಿಯಿಂದ ಕಮ್ಮಾರನಿಗೆ ದಾಟಿತು. ಕಬ್ಬಿಣ, ಕಲ್ಲಿದ್ದಲು ಎರಡೂ ಬ್ರಿಟನ್ನಿನ ನೆಲದಡಿಯಲ್ಲೇ ಇದ್ದವು. ಹೊರಗಿನವರ ಮರಕ್ಕೆ ಕೈಯೊಡ್ಡುವ ಗತಿ ತಪ್ಪಿತು. ಮುಂಬಯಿಯ ಮೇಸ್ತ್ರಿಗಳಿಗೆ ಕೆಲಸವೂ ತಪ್ಪಿತು. ಸ್ವಾರಸ್ಯವೆಂದರೆ ‘ವಾರಿಯರ್’ನ ಕಬ್ಬಿಣದ ಕವಚದ ಹಿಂದೆ ಒಂದೂವರೆ ಅಡಿ ದಪ್ಪದ ಮರದ ಒತ್ತು ಕೊಡಲಾಗಿತ್ತು. ಅದು ತೇಗದ್ದು.

ಕಾರ್ಖಾನೆಯೇ ನೌಕಾಬಲ ಎಂಬುದು ಎರಡನೆಯ ಮಹಾಯುದ್ಧದಲ್ಲಿ ಇನ್ನೂ ನಿಚ್ಚಳವಾಯಿತು. ಜರ್ಮನಿಯ ಸಬ್‌ಮೆರೀನ್‌ಗಳು ಅಟ್ಲಾಂಟಿಕ್‌ನಲ್ಲಿ ಸರಕು ಹಡಗುಗಳನ್ನು ಮುಳುಗಿಸುತ್ತಿದ್ದಾಗ ಅಮೆರಿಕ ಅದಕ್ಕಿಂತ ವೇಗವಾಗಿ ಹಡಗು ಕಟ್ಟುವ ದಾರಿ ಹಿಡಿಯಿತು. ಬಿಡಿ ಭಾಗಗಳನ್ನು ಬೇರೆಡೆ ಮಾಡಿ ತಂದು ಬೆಸುಗೆ ಹಾಕುವ ಕ್ರಮದಲ್ಲಿ 1941ರಿಂದ 1945ರೊಳಗೆ 2,710 ‘ಲಿಬರ್ಟಿ’ ಹಡಗುಗಳು ಹೊರಬಂದವು. 1942ರ ನವೆಂಬರ್‌ನಲ್ಲಿ ಅಂಥ ಒಂದು ಹಡಗು ಐದೇ ದಿನದೊಳಗೆ ನೀರಿಗಿಳಿಯಿತು. ಅಷ್ಟು ವೇಗವಾಗಿ ಹಡಗುಗಳನ್ನು ಮುಳುಗಿಸಲು ಜರ್ಮನಿಗೆ ಆಗಲಿಲ್ಲ.

ಉಕ್ಕು ಬರದಿದ್ದಾಗ

ಪರರ ಆಳ್ವಿಕೆಯಲ್ಲಿದ್ದಾಗಲೂ ಭಾರತೀಯರು ಕಡಲನ್ನು ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ವಾಲ್‌ಚಂದ್ ಹೀರಾಚಂದ್ ಮತ್ತು ಅವರ ಸಂಗಡಿಗರ ಸಿಂಧಿಯಾ ಕಂಪೆನಿಯ ‘ಲಾಯಲ್ಟಿ’ ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಈಗ ರಾಷ್ಟ್ರೀಯ ಕಡಲಯಾನ ದಿನವಾಗಿ ಆಚರಿಸಲಾಗುತ್ತದೆ. ಸಿಂಧಿಯಾ ಕಂಪೆನಿಯೇ 1941ರಲ್ಲಿ ವಿಶಾಖಪಟ್ಟಣದ ಹಡಗುಕಟ್ಟೆಗೆ ಅಡಿಗಲ್ಲು ಹಾಕಿಸಿತು. ಅಲ್ಲಿ ಕಟ್ಟಿದ ‘ಜಲ ಉಷಾ’ವನ್ನು 1948ರ ಮಾರ್ಚ್ 14ರಂದು ಪ್ರಧಾನಿ ನೆಹರೂ ನೀರಿಗಿಳಿಸಿದರು. ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು 1940ರಲ್ಲಿ ಆರಂಭಿಸಿದವರೂ ಇದೇ ವಾಲ್‌ಚಂದ್. ಇಂದಿನ ಎಚ್‌ಎಎಲ್‌ನ ಮೂಲ ಅದು.

ಟ್ರಿಂಕೋಮಲಿಯ ಪ್ರಶ್ನೆ ಭಾರತಕ್ಕೆ ಹೊಸ ವೇಷದಲ್ಲಿ ಎದುರಾದದ್ದು ವಿಮಾನವಾಹಕ ನೌಕೆ ‘ವಿಕ್ರಾಂತ್’ ಕಟ್ಟಲು ಹೊರಟಾಗ. ಈ ಗಾತ್ರದ ಯುದ್ಧನೌಕೆಗೆ ಮಾಮೂಲಿ ಉಕ್ಕು ನಡೆಯುವುದಿಲ್ಲ. ಬಲವಾದ ಏಟಿಗೂ ಸೀಳದ, ಬೆಸುಗೆಗೆ ಒಗ್ಗುವ ವಿಶೇಷ ಉಕ್ಕು ಬೇಕು. ಅದು ರಷ್ಯದಿಂದ ಬರಬೇಕಿತ್ತು. ಬೇಕಾದ ಹೊತ್ತಿಗೆ ಬರಲಿಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆಯ ಹೈದರಾಬಾದ್ ಪ್ರಯೋಗಾಲಯ ಮತ್ತು ಸರ್ಕಾರಿ ಉಕ್ಕು ಕಂಪೆನಿ ಸೈಲ್ ಸೇರಿ ಆ ಉಕ್ಕನ್ನು ಇಲ್ಲೇ ತಯಾರಿಸಿದವು. ಭಿಲಾಯಿ, ಬೊಕಾರೊ, ರೂರ್ಕೆಲಾ ಕಾರ್ಖಾನೆಗಳಿಂದ ಸುಮಾರು 30,000 ಟನ್ ಉಕ್ಕು ಕೊಚ್ಚಿ ಹಡಗುಕಟ್ಟೆಗೆ ಹೋಯಿತು. 2009ರಲ್ಲಿ ಅಡಿತೊಲೆ ಹಾಕಿದ ಹಡಗು ನೌಕಾಪಡೆಗೆ ಸೇರಿದ್ದು 2022ರ ಸೆಪ್ಟೆಂಬರ್ 2ರಂದು. ಹದಿಮೂರು ವರ್ಷ ಹಿಡಿಯಿತೆಂದು ಟೀಕಿಸಿದವರಿದ್ದಾರೆ. ಆ ವರ್ಷಗಳಲ್ಲಿ ಒಂದು ಹಡಗಿನ ಜೊತೆಗೆ ಮುಂದಿನ ಹಡಗುಗಳಿಗೆ ಬೇಕಾದ ಉಕ್ಕಿನ ವಿದ್ಯೆಯೂ ದೇಶಕ್ಕೆ ದಕ್ಕಿತು ಎಂಬುದನ್ನು ಮರೆಯುವಂತಿಲ್ಲ.

ಹಾಗೆಂದು ಸರಪಳಿ ಪೂರ್ತಿ ನಮ್ಮದಾಯಿತೇ? ಇಲ್ಲ. ಸರ್ಕಾರದ ಲೆಕ್ಕದಲ್ಲಿ ‘ವಿಕ್ರಾಂತ್’ ಶೇ 76ರಷ್ಟು ಸ್ವದೇಶಿ. ಅದನ್ನು ನಡೆಸುವ ನಾಲ್ಕು ಗ್ಯಾಸ್ ಟರ್ಬೈನ್ ಎಂಜಿನ್‌ಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ವಿನ್ಯಾಸ. ಜೋಡಣೆ ಆದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಅದರ ಮೇಲಿಂದ ಹಾರುವ ಮಿಗ್-29ಕೆ ವಿಮಾನಗಳು ರಷ್ಯದವು.

ಇದಕ್ಕಿಂತ ವಿಚಿತ್ರವಾದದ್ದು ‘ತುಶಿಲ್’ ಮತ್ತು ‘ತಮಾಲ್’ ಎಂಬ ಎರಡು ಫ್ರಿಗೇಟ್‌ಗಳ ಕಥೆ. ಹಡಗಿನ ಒಡಲು ರಷ್ಯದ ಕಲಿನಿನ್‌ಗ್ರಾಡ್‌ನಲ್ಲಿ. ಅದಕ್ಕೆ ಹೊಂದುವ ಎಂಜಿನ್ ತಯಾರಾಗುವುದು ಉಕ್ರೇನಿನ ಮಿಕೊಲೈವ್ ನಗರದಲ್ಲಿ. ಸೋವಿಯತ್ ಒಕ್ಕೂಟದ ಕಾಲದಲ್ಲಿ ಎರಡೂ ಒಂದೇ ಮನೆಯ ಎರಡು ಕೋಣೆಗಳಂತಿದ್ದವು. 2014ರಲ್ಲಿ ರಷ್ಯ ಕ್ರಿಮಿಯಾವನ್ನು ಕಬಳಿಸಿದ ಮೇಲೆ ಉಕ್ರೇನ್ ತನ್ನ ಎಂಜಿನ್‌ಗಳನ್ನು ರಷ್ಯಕ್ಕೆ ಕೊಡಲು ಒಪ್ಪಲಿಲ್ಲ. ಕೊನೆಗೆ ಭಾರತವೇ ಉಕ್ರೇನಿನಿಂದ ಎಂಜಿನ್ ಕೊಂಡು ರಷ್ಯದ ಹಡಗುಕಟ್ಟೆಗೆ ಒಪ್ಪಿಸಿತು. ‘ತುಶಿಲ್’ 2024ರ ಡಿಸೆಂಬರ್ 9ರಂದು, ‘ತಮಾಲ್’ 2025ರ ಜುಲೈ 1ರಂದು ನಮ್ಮ ನೌಕಾಪಡೆ ಸೇರಿದವು. ಜಗಳವಾಡುತ್ತಿರುವ ಇಬ್ಬರ ನಡುವೆ ಮೂರನೆಯವನ ಹಡಗು ಹೇಗೋ ಪಾರಾಯಿತು. ಪ್ರತಿ ಸಲವೂ ಹೀಗೇ ಆದೀತೆಂದು ಯಾರೂ ಹೇಳಲಾರರು.

ಹೊತ್ತೊಯ್ಯುವವರು ಯಾರು?

ಜಗತ್ತಿನಲ್ಲಿ ಇಂದು ಕಟ್ಟುವ ಹಡಗುಗಳಲ್ಲಿ, ಟನ್ ಲೆಕ್ಕದಲ್ಲಿ, ಅರ್ಧಕ್ಕೂ ಹೆಚ್ಚು ಚೀನಾದ್ದು. ದಕ್ಷಿಣ ಕೊರಿಯಾ, ಜಪಾನ್‌ಗಳನ್ನು ಸೇರಿಸಿದರೆ ಉಳಿದವರಿಗೆ ಉಳಿಯುವುದು ಅತ್ಯಲ್ಪ. ಲಿಬರ್ಟಿ ಹಡಗುಗಳ ಅಮೆರಿಕದ ಪಾಲು ಶೇ 1ಕ್ಕಿಂತ ಕಡಿಮೆ, ಭಾರತದ್ದೂ ಅಷ್ಟೇ. ಸರಕು ಹಡಗು ಕಟ್ಟುವ ಕಟ್ಟೆ, ಕ್ರೇನ್, ಬೆಸುಗೆಗಾರ, ಉಕ್ಕಿನ ಕಾರ್ಖಾನೆ ಇವೇ ಯುದ್ಧನೌಕೆಗೂ ಒದಗುವುದರಿಂದ, ಚೀನಾದ ನೌಕಾಪಡೆ ಬೆಳೆದ ವೇಗವನ್ನು ಈ ಲೆಕ್ಕದಿಂದ ಬೇರ್ಪಡಿಸಿ ನೋಡಲಾಗದು.

ಗಾತ್ರದ ಲೆಕ್ಕದಲ್ಲಿ ಭಾರತದ ವಿದೇಶ ವ್ಯಾಪಾರದ ಸುಮಾರು ಶೇ 95 ಸಾಗುವುದು ಸಮುದ್ರದ ಮೇಲೆ. ಐವತ್ತು ವರ್ಷಗಳ ಹಿಂದೆ ಅದರ ಶೇ 40ರಷ್ಟನ್ನು ನಮ್ಮ ಹಡಗುಗಳೇ ಹೊರುತ್ತಿದ್ದವು. ಅದು ಶೇ 5ಕ್ಕೆ ಇಳಿದಿದೆ, ವಿದೇಶಿ ಹಡಗು ಕಂಪೆನಿಗಳಿಗೆ ತೆರುವ ಬಾಡಿಗೆ ವರ್ಷಕ್ಕೆ ಸುಮಾರು 6 ಲಕ್ಷ ಕೋಟಿ ರೂಪಾಯಿ ಎಂದು ಪ್ರಧಾನಿ ನರೇಂದ್ರ ಮೋದಿ 2025ರ ಸೆಪ್ಟೆಂಬರ್‌ನಲ್ಲಿ ಹೇಳಿದರು. ಅದೇ ತಿಂಗಳು ಕೇಂದ್ರ ಸಂಪುಟ ಹಡಗು ನಿರ್ಮಾಣಕ್ಕಾಗಿ 69,725 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು.

2021ರ ಮಾರ್ಚ್‌ನಲ್ಲಿ ‘ಎವರ್ ಗಿವನ್’ ಎಂಬ ಒಂದೇ ಹಡಗು ಅಡ್ಡ ಸಿಕ್ಕಿಕೊಂಡು ಸೂಯೆಜ್ ಕಾಲುವೆ ಆರು ದಿನ ಮುಚ್ಚಿತು. 2023ರ ನವೆಂಬರ್‌ನಿಂದ ಯೆಮೆನ್‌ನ ಹೂತಿಗಳು ಕೆಂಪು ಸಮುದ್ರದಲ್ಲಿ ಸರಕು ಹಡಗುಗಳ ಮೇಲೆ ದಾಳಿ ಆರಂಭಿಸಿದಾಗ ನೂರಾರು ಹಡಗುಗಳು ಆಫ್ರಿಕ ಖಂಡವನ್ನೇ ಸುತ್ತಿ ಹೋಗಬೇಕಾಯಿತು. ಭಾರತದ ಯುದ್ಧನೌಕೆಗಳು ನೆರವಿಗೆ ಧಾವಿಸಿದವು. ಆದರೆ ಅಂಥ ಹೊತ್ತಿನಲ್ಲಿ ಹೆಚ್ಚಿದ ಬಾಡಿಗೆಯನ್ನು ನಿರ್ಧರಿಸುವುದು, ಸರಕು ಹೊರಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಹಡಗಿನ ಮಾಲೀಕ. ಮಾಲೀಕ ಪರದೇಶದವನಾದರೆ ಕಾವಲು ಕಾಯುವುದಷ್ಟೇ ನಮ್ಮ ಪಾಲಿಗೆ.

ಕರ್ನಾಟಕದ ಕರಾವಳಿಯಲ್ಲಿ ಈ ಕಥೆಯ ಎರಡು ಮುಖಗಳನ್ನೂ ಕಾಣಬಹುದು. ಮಲ್ಪೆಯಲ್ಲಿ ಕೊಚ್ಚಿ ಹಡಗುಕಟ್ಟೆಯ ಅಂಗಸಂಸ್ಥೆಗೆ 2023ರಲ್ಲಿ ನಾರ್ವೆಯ ಕಂಪೆನಿಯೊಂದರಿಂದ ಆರು ಸರಕು ಹಡಗುಗಳ ಬೇಡಿಕೆ ಬಂತು. ಹಿಂದೆ ಮರ ಹೊರಗೆ ಹೋಗುತ್ತಿದ್ದ ತೀರದಿಂದ ಈಗ ಹಡಗೇ ಹೋಗುತ್ತಿದೆ; ಕೂಲಿ, ಕಸುಬು ಇಲ್ಲಿಯವರಿಗೇ ದಕ್ಕುತ್ತಿದೆ. ಇನ್ನೊಂದು ಮುಖ ಕಾರವಾರದಲ್ಲಿದೆ. ‘ಸೀಬರ್ಡ್’ ಯೋಜನೆಯ ಕದಂಬ ನೌಕಾನೆಲೆ 2005ರಲ್ಲಿ ಕೆಲಸ ಆರಂಭಿಸಿತು. 2023ರ ಮೇ ತಿಂಗಳಲ್ಲಿ ‘ವಿಕ್ರಾಂತ್’ ಮೊದಲ ಬಾರಿಗೆ ಅಲ್ಲಿ ಲಂಗರು ಹಾಕಿತು. ಆ ನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆಯ ದಂಡೆ ಬಿಟ್ಟು ಹೋಗಿವೆ. ಪರಿಹಾರಕ್ಕಾಗಿ ವರ್ಷಗಟ್ಟಲೆ ಕಚೇರಿ, ಕೋರ್ಟು ಅಲೆದಿವೆ. ಊರ ದೇವರ ಕಾಡನ್ನು ಹಡಗಿನ ಹಲಗೆಯಾಗಿ ಕಂಡ ಬುಕನನ್ ಓಡಾಡಿದ್ದು ಇದೇ ನೆಲದಲ್ಲಿ.

ಹಾರ್ಟಲ್‌ಪೂಲ್‌ನ ಹಡಗನ್ನು ನೋಡಲು ಬರುವವರಿಗೆ ಅದು ಮುಂಬಯಿಯಲ್ಲಿ ಕಟ್ಟಿದ್ದೆಂದು ಹೇಳುತ್ತಾರೆ. ಜಮ್‌ಶೆಟ್‌ಜಿ ವಾಡಿಯಾರ ಹೆಸರನ್ನೂ ಹೇಳುತ್ತಾರೆ. ಮರ ಕಡಿದವರ, ಅದನ್ನು ಘಟ್ಟದಿಂದ ಕಡಲಿಗೆ ಇಳಿಸಿದವರ ಹೆಸರು ಮಾತ್ರ ಯಾವ ಫಲಕದಲ್ಲೂ ಇಲ್ಲ. ಎರಡು ಶತಮಾನ ದಾಟಿದರೂ ಆ ಹಡಗನ್ನು ತೇಲಿಸುತ್ತಿರುವುದು ಅವರು ಇಳಿಸಿದ ಮರವೇ.